ಸುಆಮಿ, ಇಸ್ತ್ರಿ ಮತ್ತು ಒಂದು ಲಾರಿ ಬರಹ: ಇಂಡೋನೇಷ್ಯಾದ ಸೆನ್ಸಾರ್ ಮಂಡಳಿಗೆ ಬಹಿರಂಗ ಪತ್ರ

ಜಕಾರ್ತದ ಲೆಂಬಾಗಾ ಸೆನ್ಸಾರ್ ಫಿಲ್ಮ್‌ನ ಅಧ್ಯಕ್ಷರಿಗೆ ಮತ್ತು ಎಲ್ಲ ಸದಸ್ಯರಿಗೆ,

ನಮಸ್ಕಾರ.

ನಾನು ದಾವಣಗೆರೆಯವಳು. ನನ್ನ ಯಜಮಾನರು ಬಾಂಡುಂಗ್ ಹತ್ತಿರದ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಆರು ವರ್ಷ ನಿಮ್ಮ ನೆಲದ ಅನ್ನ ಉಂಡಿದ್ದೇನೆ. ನಿಮ್ಮ ಭಾಷೆ ನನಗೆ ಸಂತೆಗೆ ಸಾಕಾಗುವಷ್ಟು ಬರುತ್ತದೆ, ಸಿನಿಮಾ ನೋಡುವುದಕ್ಕೂ ಸಾಕು. ಮನಸ್ಸಿನಲ್ಲಿ ಇರೋದನ್ನು ಬರೆಯುವುದಕ್ಕೆ ಮಾತ್ರ ಸಾಲದು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲೇ ನೆಲೆಸಿರುವ ಕನ್ನಡದ ಹುಡುಗಿಯೊಬ್ಬಳು ಇದನ್ನು ನಿಮ್ಮ ಭಾಷೆಗೆ ತಿರುಗಿಸಿ ನಿಮಗೆ ಮುಟ್ಟಿಸುತ್ತೇನೆ ಅಂದಿದ್ದಾಳೆ. ನಮ್ಮ ಜನರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

2021ರ ಡಿಸೆಂಬರ್‌ನಲ್ಲಿ ಬಾಂಡುಂಗ್‌ನ ಮಾಲ್ ಒಂದರಲ್ಲಿ ನಾನೊಂದು ಸಿನಿಮಾ ನೋಡಿದೆ. ಕೋವಿಡ್ ಕಾಲ. ಬಾಗಿಲಲ್ಲೇ ಫೋನ್ ತೆಗೆದು ಕೋಡ್ ಸ್ಕ್ಯಾನ್ ಮಾಡಿ ಒಳಗೆ ಹೋಗಬೇಕಿತ್ತು. ಮೂಗು ಬಾಯಿಗೆ ಮಾಸ್ಕ್. ಒಂದು ಸೀಟು ಬಿಟ್ಟು ಒಂದು ಸೀಟು. ನನ್ನ ಜೊತೆ ಪಕ್ಕದ ಮನೆಯ ಇಬು ಬಂದಿದ್ದರು. ಇಬು ಅಂದರೆ ಅಮ್ಮ, ಅಕ್ಕ, ಮೇಡಂ ಎಲ್ಲವೂ ಸೇರಿದ ಮಾತು. ಅವರ ಹೆಸರು ಬೇಡ, ಇಬು ಅಂತಲೇ ಕರೆಯುತ್ತೇನೆ. ಅವರ ಮಗಳಿಗೆ ಆಗ 16. ನೋಡುವ ವಯಸ್ಸಲ್ಲ ಅಂತ ಅವಳನ್ನು ಕೆಳಗೆ ತಿಂಡಿ ಅಂಗಡಿಗಳ ಹತ್ತಿರ ಕೂರಿಸಿ ಬಂದಿದ್ದೆವು.

ಸಿನಿಮಾದ ಹೆಸರು 'ಸೆಪೆರ್ತಿ ದೆಂದಾಮ್, ರಿಂದು ಹಾರುಸ್ ದಿಬಾಯಾರ್ ತುಂತಾಸ್'. ನಿಮಗೆ ಹೇಳಬೇಕಾಗಿಲ್ಲ, ಸರ್ಟಿಫಿಕೇಟ್ ಕೊಟ್ಟವರೇ ನೀವು. ನಮ್ಮ ಓದುಗರಿಗಾಗಿ ಹೇಳುತ್ತೇನೆ. ಸೇಡಿನ ಹಾಗೆ ಹಂಬಲವನ್ನೂ ಪೂರಾ ಚುಕ್ತಾ ಮಾಡಬೇಕು, ಅಂತ ಅದರ ಅರ್ಥ. ಎಕಾ ಕುರ್ನಿಯವಾನ್ 2014ರಲ್ಲಿ ಬರೆದ ಕಾದಂಬರಿಯನ್ನು ಎಡ್ವಿನ್ ಸಿನಿಮಾ ಮಾಡಿದರು. 2021ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಚಿನ್ನದ ಚಿರತೆ ಪ್ರಶಸ್ತಿ ಬಂತು. ಆ ಪ್ರಶಸ್ತಿ ನಿಮ್ಮ ದೇಶಕ್ಕೆ ಬಂದಿದ್ದು ಅದೇ ಮೊದಲು.

ಆ ಹೆಸರು ಕಾದಂಬರಿಯಲ್ಲಿ ಒಂದು ಲಾರಿಯ ಹಿಂದೆ ಬರೆದ ಸಾಲು. ಅದು ಗೊತ್ತಾದಾಗ ನನಗೆ ತವರಿನ ನೆನಪಾಯಿತು. ದಾವಣಗೆರೆ ಹೆದ್ದಾರಿ ಮೇಲಿನ ಊರು. ತಾಯಿಯ ಆಶೀರ್ವಾದ, ನೋಡಿ ಉರಿಯಬೇಡ, ಮೋಸ ಮಾಡಿದ ಹುಡುಗಿಗೊಂದು ಸಾಲು, ಎಲ್ಲವನ್ನೂ ಲಾರಿ ಹಿಂದೆಯೇ ಓದಿ ಬೆಳೆದವರು ನಾವು. ಜಾವಾದ ಉತ್ತರ ಕರಾವಳಿ ರಸ್ತೆಯಲ್ಲಿ ಹೋಗುವಾಗಲೂ ಹಾಗೇ. ಲಾರಿ ಹಿಂದೆ ಹೆಂಗಸಿನ ಚಿತ್ರ, ಅದರ ಕೆಳಗೆ ಎದೆಯ ನೋವಿನ ಸಾಲು. ಮನೆಯಲ್ಲಿ ಬಾಯಿ ಬಿಡದ ಗಂಡಸು ಲಾರಿಯ ಹಿಂದೆ ಮನಸ್ಸು ಬಿಚ್ಚುತ್ತಾನೆ.

ಕಥೆಯ ನಾಯಕ ಅಜೋ ಕವಿರ್ ಅಂಥವನೇ. ಯಾರಿಗೂ ಹೆದರದ ಹೊಡೆದಾಟದವನು. ಆದರೆ ಅವನ ಗಂಡಸುತನ ಸತ್ತಿದೆ. ನಿಮ್ಮ ಆಡುಮಾತಿನಲ್ಲಿ ಅದಕ್ಕೆ 'ಬುರುಂಗ್' ಅನ್ನುತ್ತಾರೆ, ಹಕ್ಕಿ. ಅವನ ಹಕ್ಕಿ ಮಲಗಿದ್ದು ಎದ್ದೇ ಇಲ್ಲ. ಇತೆಂಗ್ ಅನ್ನುವವಳ ಜೊತೆ ಕಲ್ಲು ಮಣ್ಣು ಅಗೆಯುವ ಜಾಗದಲ್ಲಿ ಅವನಿಗೆ ಕಾದಾಟ ಬೀಳುತ್ತದೆ. ಅವಳೂ ಪಳಗಿದ ಕೈ. ಧೂಳಿನಲ್ಲಿ ಬಿದ್ದು ಎದ್ದು, ಒಬ್ಬರನ್ನೊಬ್ಬರು ಜಜ್ಜಿ, ಮೇಲುಸಿರು ಬಿಡುತ್ತಾ ನಿಲ್ಲುತ್ತಾರೆ. ಪ್ರೀತಿ ಅಲ್ಲಿ ಶುರು. ತನ್ನ ಕೊರತೆಯನ್ನು ಅವನು ಮುಚ್ಚಿಡುವುದಿಲ್ಲ. ಎಲ್ಲ ಗೊತ್ತಿದ್ದೇ ಅವಳು ಮದುವೆಯಾಗುತ್ತಾಳೆ. ಆಮೇಲೆ ಹಳೆಯ ಪರಿಚಯದ ಬುದಿ ಬೈಕ್ ಅನ್ನುವವನ ಜೊತೆ ಸಂಬಂಧವಾಗುತ್ತದೆ. ಬಸುರಾಗುತ್ತಾಳೆ. ಅದು ಗಂಡನದ್ದಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿಯೇ ಬೇಡ. ಅವನು ಮನೆ ಬಿಟ್ಟು ಹೋಗುತ್ತಾನೆ. 'ಬುದಿ ಬೈಕ್' ಅಂದರೆ ಒಳ್ಳೇ ಬುದ್ಧಿ. ಹೆಸರಿನಲ್ಲೇ ಒಳ್ಳೇ ಬುದ್ಧಿ ಇಟ್ಟುಕೊಂಡವನು ಮನೆ ಒಡೆಯುತ್ತಾನೆ.

ಇಷ್ಟನ್ನೇ ಕೇಳಿದವರು ಇದೇನು ಅಸಹ್ಯ ಸಿನಿಮಾ ಅನ್ನಬಹುದು. ನಮ್ಮ ಗಿರಣಿ ಕಾಲೊನಿಯಲ್ಲೂ ಅಂದರು. "ಅಂಥಾ ಸಿನಿಮಾಕ್ಕೆ ಹೋಗಿದ್ರಾ?" ಅಂತ ಕೇಳಿದವರಿದ್ದರು. ಹೌದು, ಹೋಗಿದ್ದೆ. ಮತ್ತೆ ಬಂದರೆ ಮತ್ತೆ ಹೋಗುತ್ತೇನೆ.

ಯಾಕೆಂದರೆ ಈ ಸಿನಿಮಾ ಹೆಂಡತಿಯ ತಪ್ಪಿನ ಹತ್ತಿರ ನಿಂತುಬಿಡುವುದಿಲ್ಲ. ಅದು ಹಿಂದಕ್ಕೆ ಹೋಗುತ್ತದೆ. ಅಜೋ ಹುಡುಗನಾಗಿದ್ದಾಗ ಮತಿ ಕೆಟ್ಟ ಒಬ್ಬ ವಿಧವೆಯ ಮೇಲೆ ಇಬ್ಬರು ಸಮವಸ್ತ್ರದವರು ಅತ್ಯಾಚಾರ ಮಾಡುತ್ತಾರೆ. ಹುಡುಗನ ಕಣ್ಣೆದುರಿಗೇ. ಅವನ ಹಕ್ಕಿ ಸತ್ತಿದ್ದು ಅಲ್ಲಿ. ಅವನ ಕೊರತೆ ದೇವರು ಕೊಟ್ಟದ್ದಲ್ಲ, ಕೋವಿ ಹಿಡಿದವರು ಕೊಟ್ಟದ್ದು. ಅಧ್ಯಕ್ಷ ಸುಹಾರ್ತೊ ಆಳುತ್ತಿದ್ದ ಕಾಲದಲ್ಲಿ, 1983ರಿಂದ ಒಂದೆರಡು ವರ್ಷ, 'ಪೆತ್ರುಸ್' ಅಂತ ನಡೆಯಿತು. ಪುಂಡರು ಅಂತ ಹೆಸರು ಹಚ್ಚಿ ಜನರನ್ನು ಗುಂಡಿಟ್ಟು ಕೊಂದು ಬೀದಿಯಲ್ಲಿ ಎಸೆದು ಹೋದರು. ಅಂಥ ಕಾಲದ ಹೆದರಿಕೆ ಒಬ್ಬ ಗಂಡಸಿನ ಮೈಯಲ್ಲಿ ಉಳಿದು, ಅವನ ಹಾಸಿಗೆಗೆ ಬಂದು, ಅವನ ಹೆಂಡತಿಯ ಬದುಕನ್ನೂ ಕೆಡಿಸುತ್ತದೆ. ಕ್ಯಾಮೆರಾ ಹಿಡಿದ ಅಕಿಕೊ ಅಶಿಜಾವಾ ಜಪಾನಿನ ಹಿರಿಯ ಹೆಣ್ಣುಮಗಳು. 16 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದಾರೆ. ಹಳೆಯ ಫೋಟೊ ಆಲ್ಬಂ ತೆರೆದ ಹಾಗೆ ಬಣ್ಣ. ಅದಕ್ಕೇ ನೋವು ಜಾಸ್ತಿ ಆಗುತ್ತದೆ.

ಇತೆಂಗ್ ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಇಬು ನಡುವಿನ ಖಾಲಿ ಸೀಟಿನ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದರು. ಬಿಡಲೇ ಇಲ್ಲ. ಅಳುತ್ತಿದ್ದರು. ಸಿನಿಮಾ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಹೊರಗೆ ಬಂದು ರಸ್ತೆ ಬದಿಯ ಗಾಡಿಯಲ್ಲಿ ಬತಾಗೊರ್ ತಿಂದೆವು. ಮಗಳು ಸಾಸ್ ತರಲು ಎದ್ದು ಹೋದಾಗ ಇಬು ಮೆಲ್ಲಗೆ ಅಂದರು: "ನಮ್ಮ ಮನೆಯವರಿಗೆ ಇನ್ನೊಂದು ಮನೆ ಇದೆ. ಏಳು ವರ್ಷ ಆಯ್ತು." ಅವರ ಗಂಡ ಮಾಡಿಕೊಂಡಿದ್ದು 'ನಿಕಾ ಸಿರಿ'. ಧರ್ಮದ ಪ್ರಕಾರ ನಡೆದ, ಸರ್ಕಾರದ ಪುಸ್ತಕದಲ್ಲಿ ಬರೆಯದ ಮದುವೆ. ಕೋರ್ಟಿನ ಒಪ್ಪಿಗೆ ಇಲ್ಲ, ಇಬುವನ್ನು ಕೇಳಿದ್ದೂ ಇಲ್ಲ. ಇಬು ಅತ್ತಿದ್ದು ಇತೆಂಗ್‌ಗಾಗಿಯಾ, ತಮಗಾಗಿಯಾ, ನಾನು ಕೇಳಲಿಲ್ಲ.

ಆ ರಾತ್ರಿಯಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆ. ನಿಮ್ಮ 1974ರ ಮದುವೆ ಕಾನೂನು ಹೇಳುತ್ತದೆ: ಹೆಂಡತಿ ತನ್ನ ಕರ್ತವ್ಯ ಮಾಡಲಾರದೆ ಹೋದರೆ, ವಾಸಿಯಾಗದ ಕಾಯಿಲೆ ಇದ್ದರೆ, ಮಕ್ಕಳಾಗದೆ ಇದ್ದರೆ, ಗಂಡ ಕೋರ್ಟಿನ ಅನುಮತಿ ಪಡೆದು ಇನ್ನೊಂದು ಮದುವೆಯಾಗಬಹುದು. ಸರಿ. ಇತೆಂಗ್ ಮನೆಯಲ್ಲಿ ಕರ್ತವ್ಯ ಮಾಡಲಾರದವನು ಗಂಡ. ಅವಳಿಗೆ ಯಾವ ಅನುಮತಿ ಇದೆ? ವಿಚ್ಛೇದನ ಇದೆ ಅನ್ನುತ್ತೀರಿ. ಇದೆ. ಆದರೆ ಅವಳಿಗೆ ಗಂಡ ಬೇಕು. ಅವನ ಮೇಲೆ ಪ್ರಾಣ ಇಟ್ಟಿದ್ದಾಳೆ. ಬಿಟ್ಟು ಹೋಗುವುದಲ್ಲ ಅವಳ ಆಸೆ. ಅದೇ ಕೊರತೆ ಹೆಂಡತಿಗಿದ್ದರೆ ಗಂಡನಿಗೆ ಮನೆಯೂ ಉಳಿಯಿತು, ಇನ್ನೊಬ್ಬಳೂ ಬಂದಳು. ಗಂಡನಿಗಿದ್ದರೆ ಹೆಂಡತಿ ಒಂದೋ ಮನೆ ಬಿಡಬೇಕು, ಇಲ್ಲ ಜೀವಮಾನ ಪೂರ್ತಿ ಬಾಯಿ ಮುಚ್ಚಿಕೊಂಡಿರಬೇಕು. ತಪ್ಪಿ ನಡೆದಳೋ, ಜೈಲು.

ಇತೆಂಗ್ ಮಾಡಿದ್ದು ಸರಿ ಅಂತ ನಾನು ವಾದ ಮಾಡುತ್ತಿಲ್ಲ. ಮೋಸ ಮೋಸವೇ. ಅಜೋ ಕವಿರ್‌ನ ಮುಖ ಕುಸಿಯುವುದನ್ನು ನೋಡಿದರೆ ಹೊಟ್ಟೆ ಹಿಂಡುತ್ತದೆ. ಆದರೆ ತಕ್ಕಡಿಗೆ ಎರಡು ತಟ್ಟೆ ಇರಬೇಕು. ಆ ಎರಡನೇ ತಟ್ಟೆಯನ್ನು ಈ ಸಿನಿಮಾ ಇಟ್ಟಿತು. ಅದಕ್ಕೇ ನನಗೆ ಇದು ಬೇಕು.

ಅದೇ 1974ರ ಕಾನೂನಿನ 31ನೇ ಕಲಮು ಕನ್ನಡದವರಿಗೆ ಅರ್ಧ ಅರ್ಥವಾಗುತ್ತದೆ: 'ಸುಆಮಿ ಅದಾಲಾ ಕೆಪಾಲಾ ಕೆಲುವಾರ್ಗಾ ದಾನ್ ಇಸ್ತೆರಿ ಇಬು ರುಮಾ ತಾಂಗ್ಗಾ'. ಗಂಡ ಕುಟುಂಬದ ತಲೆ, ಹೆಂಡತಿ ಗೃಹಿಣಿ ಅಂತ. 'ಸುಆಮಿ' ನಮ್ಮ ಸ್ವಾಮಿ. 'ಕೆಪಾಲಾ' ನಮ್ಮ ಕಪಾಲ. 'ಇಸ್ತೆರಿ' ನಮ್ಮ ಸ್ತ್ರೀ, ಈಗ ಅದನ್ನೇ 'ಇಸ್ತ್ರಿ' ಅಂತ ಬರೆಯುತ್ತಾರೆ. ಮೊದಲ ಸಲ ಓದಿದಾಗ ನಾನು ನಗಲಿಲ್ಲ, ಬೆಚ್ಚಿಬಿದ್ದೆ. ಸಮುದ್ರ ದಾಟಿ ನಮ್ಮ ಮಾತು ಇಷ್ಟು ದೂರ ಬಂದಿದೆ, ಬರುವಾಗ ಒಡೆಯನನ್ನೂ ಕರೆತಂದಿದೆ. 'ಸೆತಿಯಾ' ಅಂದರೆ ನಿಷ್ಠೆ, ಅದು ಸತ್ಯದಿಂದ ಬಂದ ಮಾತು. 'ದೋಸಾ' ಅಂದರೆ ಪಾಪ, ಅದು ನಮ್ಮ ದೋಷ. ಗಂಡ ಹೆಂಡಿರ ನಡುವೆ ಇರುವ ಎಲ್ಲ ದೊಡ್ಡ ಮಾತೂ ನಮಗೆ ನಿಮಗೆ ಒಂದೇ.

ಹಾಗಾಗಿ ನಮ್ಮ ಮನೆಯ ಮಾತೂ ಹೇಳಲೇಬೇಕು. ಭಾರತದ ದಂಡಸಂಹಿತೆಯಲ್ಲಿ 1860ರಿಂದ 497ನೇ ಕಲಮು ಇತ್ತು. ಒಬ್ಬನ ಹೆಂಡತಿಯ ಜೊತೆ ಅವನ ಒಪ್ಪಿಗೆ ಇಲ್ಲದೆ ಸಂಬಂಧ ಇಟ್ಟುಕೊಂಡ ಗಂಡಸಿಗೆ ಐದು ವರ್ಷದವರೆಗೆ ಜೈಲು. ಗಂಡನ ಒಪ್ಪಿಗೆ ಇದ್ದರೆ ಅಪರಾಧವೇ ಅಲ್ಲ! ಹೆಂಡತಿ ಅಂದರೆ ಹೊಲ, ಮನೆ, ಎತ್ತಿನ ಹಾಗೆ. ಅದನ್ನು ನಮ್ಮ ಸುಪ್ರೀಂ ಕೋರ್ಟ್ ಕಿತ್ತು ಹಾಕಿದ್ದು 2018ರ ಸೆಪ್ಟೆಂಬರ್ 27ರಂದು. ಗಂಡ ಹೆಂಡತಿಯ ಒಡೆಯನಲ್ಲ ಅಂತ ತೀರ್ಪಿನಲ್ಲೇ ಬರೆದರು. ನಿಮ್ಮ ಮಾತಿನಲ್ಲಿ ಹೇಳಬೇಕೆಂದರೆ, ಸುಆಮಿ ಸ್ವಾಮಿಯಲ್ಲ. ಆದರೆ ನಾವು ದೊಡ್ಡವರು ಅಂತ ತಿಳಿಯಬೇಡಿ. ಹೆಂಡತಿಯ ಇಷ್ಟವಿಲ್ಲದೆ ಗಂಡ ಬಲವಂತ ಮಾಡಿದರೆ ನಿಮ್ಮ 2004ರ ಮನೆಯೊಳಗಿನ ಹಿಂಸೆಯ ಕಾನೂನಿನಲ್ಲಿ ಅದು ಅಪರಾಧ. ನಮ್ಮಲ್ಲಿ ಇವತ್ತಿಗೂ ಅದನ್ನು ಅತ್ಯಾಚಾರ ಅನ್ನುವುದಿಲ್ಲ. ಈ ವಿಷಯದಲ್ಲಿ ನೀವು ನಮಗಿಂತ ಮುಂದೆ. ಹೀಗೆ ಹೇಳುವಾಗ ನನಗೆ ನಾಚಿಕೆಯಾಗುತ್ತದೆ.

ಈಗ ಯಾಕೆ ಬರೆಯುತ್ತಿದ್ದೇನೆ ಅಂತ ಹೇಳುತ್ತೇನೆ. 2022ರ ಡಿಸೆಂಬರ್ 6ರಂದು ನಿಮ್ಮ ಸಂಸತ್ತು ಹೊಸ ದಂಡಸಂಹಿತೆ ಪಾಸು ಮಾಡಿತು. ಅದು ಈ ವರ್ಷ, 2026ರ ಜನವರಿ 2ರಿಂದ ಜಾರಿಗೆ ಬಂದಿದೆ. ಡಚ್ಚರ ಕಾಲದ ಸಂಹಿತೆಯಲ್ಲಿ ಮದುವೆಯಾದವರು ತಪ್ಪಿ ನಡೆದರೆ 9 ತಿಂಗಳವರೆಗೆ ಶಿಕ್ಷೆ ಇತ್ತು. ಹೊಸದರ 411ನೇ ಕಲಮಿನಲ್ಲಿ ಒಂದು ವರ್ಷ, ಅದೂ ಮದುವೆಯಾಗದವರಿಗೂ ಸೇರಿಸಿ. ದೂರು ಕೊಡಬೇಕಾದವರು ಗಂಡ, ಹೆಂಡತಿ, ಅಥವಾ ಮದುವೆಯಾಗದವರಾದರೆ ತಂದೆತಾಯಿ, ಮಕ್ಕಳು. ಮದುವೆಯಾಗದೆ ಒಟ್ಟಿಗೆ ಇದ್ದರೆ 412ನೇ ಕಲಮಿನಲ್ಲಿ ಆರು ತಿಂಗಳು. ಕಾಗದದ ಮೇಲೆ ಗಂಡ ಹೆಂಡತಿ ಇಬ್ಬರಿಗೂ ಒಂದೇ ಶಿಕ್ಷೆ, ಒಪ್ಪುತ್ತೇನೆ. ಆದರೆ ಇಬುವಿನ ಗಂಡ 'ನಾನು ನಿಕಾ ಮಾಡಿಕೊಂಡಿದ್ದೇನೆ' ಅನ್ನುತ್ತಾನೆ. ಹಾಗೆ ಹೇಳುವ ದಾರಿ ಇಬುವಿಗೆ ಇಲ್ಲ. ಇನ್ನು ಸಂಬಳ ತರುವವನು ಅವನೇ ಆದಾಗ ಠಾಣೆಗೆ ಹೋಗಿ ದೂರು ಕೊಡುವ ಧೈರ್ಯ ಯಾರಿಗೆ ಬರುತ್ತದೆ?

ಕಾನೂನು ಮಾಡಿದವರು ನೀವಲ್ಲ, ಗೊತ್ತು. ಆದರೆ ನನಗೆ ಭಯ ಇದೆ. ನಾಳೆ ಇಂಥದೇ ಇನ್ನೊಂದು ಸಿನಿಮಾ ನಿಮ್ಮ ಮೇಜಿಗೆ ಬರುತ್ತದೆ. ಆಗ ಯಾರೋ ಒಬ್ಬರು, 'ಇದು ಈಗ ಅಪರಾಧ ಅಲ್ವಾ? ಅಪರಾಧ ಮಾಡಿದ ಹೆಂಗಸನ್ನು ಕರುಣೆಯಿಂದ ತೋರಿಸೋದು ಸರಿಯಾ?' ಅನ್ನುತ್ತಾರೆ. ಹಾಗೆ ಶುರುವಾದರೆ ಮೊದಲು ಕತ್ತರಿ ಬೀಳುವುದು ಹೆಂಡತಿಯ ಪಾಲಿನ ದೃಶ್ಯಗಳಿಗೆ. ಅತ್ಯಾಚಾರ ಮಾಡಿದ ಸಮವಸ್ತ್ರದ ದೃಶ್ಯಕ್ಕೆ. ಉಳಿಯುವುದು ಬರೀ ಒಬ್ಬ ಕೆಟ್ಟ ಹೆಂಗಸು, ಒಬ್ಬ ನೊಂದ ಗಂಡಸು. ಅಂಥ ಕಥೆಗೆ ಬರವಿಲ್ಲ. ಟೀವಿಯಲ್ಲಿ ದಿನಾ ಸಂಜೆ ಬರುತ್ತದೆ.

ನಿಮ್ಮ ಭಾಷೆಯಲ್ಲಿ 'ಪೆಲಾಕೊರ್' ಅಂತ ಒಂದು ಮಾತಿದೆ. ಇನ್ನೊಬ್ಬರ ಗಂಡನನ್ನು ಕಿತ್ತುಕೊಳ್ಳುವವಳು. ನಾನಿದ್ದಷ್ಟು ವರ್ಷ ತರಕಾರಿ ಅಂಗಡಿಯಲ್ಲೂ, ಧಾರಾವಾಹಿಯಲ್ಲೂ ಅದನ್ನು ಕೇಳಿದ್ದೇನೆ. ಗಂಡಸಿಗೂ 'ಪೆಬಿನೊರ್' ಅಂತ ಒಂದು ಪದ ಮಾಡಿದ್ದಾರಂತೆ, ಆದರೆ ಯಾರ ಬಾಯಲ್ಲೂ ಅಷ್ಟು ಸಲೀಸಾಗಿ ಬರಲ್ಲ. ನಮ್ಮಲ್ಲೂ ಅದೇ ಕಥೆ. ಹೆಂಗಸಿಗೆ ಬೈಯಲು ಹತ್ತು ಪದ. ಗಂಡಸು ಮಾಡಿದರೆ 'ಗಂಡಸಲ್ವಾ, ಬಿಡು' ಅಂತ ಅತ್ತೆಯೇ ಹೇಳುತ್ತಾಳೆ. ಕಮಿಲಾ ಆಂದಿನಿಯವರ 'ನಾನಾ' ಸಿನಿಮಾದಲ್ಲಿ ಹೆಂಡತಿಗೂ ಗಂಡನ ಪ್ರೇಯಸಿಗೂ ಗೆಳೆತನವಾಗುತ್ತದೆ. ಆ ಪ್ರೇಯಸಿಯ ಪಾತ್ರ ಮಾಡಿದ ಲಾರಾ ಬಸುಕಿಗೆ 2022ರಲ್ಲಿ ಬರ್ಲಿನ್‌ನಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ಬೀದಿಯಲ್ಲಿ ಪೆಲಾಕೊರ್ ಅನ್ನಿಸಿಕೊಳ್ಳುವವಳಿಗೂ ಒಂದು ಮನಸ್ಸಿದೆ ಅಂತ ತೋರಿಸಲು ನಿಮ್ಮಲ್ಲೇ ಇಂಥ ಹೆಣ್ಣುಮಕ್ಕಳಿದ್ದಾರೆ. ಅವರ ಕೈ ಕಟ್ಟಬೇಡಿ.

ಇನ್ನೊಂದು ವಿಷಯ. ಸಿನಿಮಾ ಬಿಟ್ಟ ಮೇಲೆ ನೀವು ಅದರ ಜೊತೆ ಗಟ್ಟಿಯಾಗಿ ನಿಲ್ಲಬೇಕು. 2004ರಲ್ಲಿ ಹದಿಹರೆಯದವರ ಒಂದು ಸಿನಿಮಾಕ್ಕೆ ನೀವು ಒಪ್ಪಿಗೆ ಕೊಟ್ಟಿರಿ. ಹೆಸರಿನಲ್ಲೇ ಮುತ್ತು ಕೊಡುವ ಮಾತಿತ್ತು. ಧರ್ಮಬೋಧಕರು ಪ್ರತಿಭಟಿಸಿದ್ದೇ ತಡ, ಅದನ್ನು ಚಿತ್ರಮಂದಿರಗಳಿಂದ ವಾಪಸು ತೆಗೆಸಿದರು. ಗಾರಿನ್ ನುಗ್ರೋಹೊ ಅವರ 'ಕುಚುಂಬು ತುಬುಹ್ ಇಂದಾಹ್‌ಕು' ಹೆಣ್ಣುವೇಷದಲ್ಲಿ ಕುಣಿಯುವ ಲೆಂಗ್ಗೆರ್ ಕಲಾವಿದನ ಕಥೆ. ನಿಮ್ಮ ಸರ್ಟಿಫಿಕೇಟ್ ಇದ್ದರೂ 2019ರ ಏಪ್ರಿಲ್‌ನಲ್ಲಿ ದೆಪೊಕ್‌ನ ಮೇಯರ್ ಅದನ್ನು ತೋರಿಸಬೇಡಿ ಅಂದರು. ನೋಡುತ್ತಾ ನೋಡುತ್ತಾ ಬೇರೆ ಊರುಗಳೂ ಅದೇ ದಾರಿ ಹಿಡಿದವು. ಅದೇ ವರ್ಷದ ಕೊನೆಗೆ ಅದೇ ಸಿನಿಮಾಕ್ಕೆ ನಿಮ್ಮ ದೇಶದ ದೊಡ್ಡ ಸಿನಿಮಾ ಪ್ರಶಸ್ತಿ 'ಚಿತ್ರಾ' ಬಂತು, ಒಟ್ಟು ಎಂಟು, ಅದರಲ್ಲಿ ವರ್ಷದ ಅತ್ಯುತ್ತಮ ಚಿತ್ರ ಅನ್ನುವುದೂ ಒಂದು. ದೇಶ ತಲೆ ಮೇಲೆ ಹೊತ್ತ ಸಿನಿಮಾವನ್ನು ದೆಪೊಕ್‌ನ ಜನ ತಮ್ಮ ಊರಿನ ಟಾಕೀಸಿನಲ್ಲಿ ನೋಡುವ ಹಾಗಿರಲಿಲ್ಲ. ದಾವಣಗೆರೆಯಲ್ಲಿ ಕೂತು ನಾನು ಕೇಳುವುದು ಇಷ್ಟೇ: ನೀವು ಹಾಕಿದ ಮುದ್ರೆಗೆ ನೀವೇ ಬೆಲೆ ಕೊಡದಿದ್ದರೆ ಮೇಯರ್ ಯಾಕೆ ಕೊಡುತ್ತಾರೆ?

ಹೆಂಡತಿ ತಪ್ಪಿ ನಡೆದ ಕಥೆ ಹೇಳಿದರೆ ಸಮಾಜ ಕೆಡುತ್ತದೆ ಅಂತ ನಮ್ಮಲ್ಲೂ ಹೇಳುವವರಿದ್ದಾರೆ. ಅವರಿಗೆ ನಾನು ನಮ್ಮ ಜನ್ನ ಕವಿಯನ್ನು ತೋರಿಸುತ್ತೇನೆ. ಎಂಟುನೂರು ವರ್ಷದ ಹಿಂದೆ, ಹೊಯ್ಸಳರ ಕಾಲದಲ್ಲಿ, ಅವನು 'ಯಶೋಧರ ಚರಿತೆ' ಬರೆದ. ರಾಣಿ ಅಮೃತಮತಿ ರಾತ್ರಿ ತೇಲಿ ಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಕುರೂಪಿ ಮಾವುತ ಅಷ್ಟಾವಂಕ. ಅವನ ಹತ್ತಿರ ಹೋಗುತ್ತಾಳೆ. ತಡವಾಗಿ ಬಂದಳು ಅಂತ ಅವನು ಹೊಡೆದರೂ ಅವನೇ ಬೇಕು ಅನ್ನುತ್ತಾಳೆ. ಜನ್ನ ಜೈನ ಕವಿ, ಅವಳನ್ನು ಮೆಚ್ಚಿ ಬರೆದವನಲ್ಲ. ಆದರೂ ಆ ಹಾಡು ಅವಳ ಕಿವಿಗೆ ಬಿದ್ದ ಗಳಿಗೆಯನ್ನು ಅವನು ಬಿಡಲಿಲ್ಲ, ಮುಚ್ಚಲಿಲ್ಲ. ನಾನು ಅದನ್ನು ಬಿ.ಎ.ಯಲ್ಲಿ ಓದಿದೆ. ಪಾಠ ಮಾಡಿದ ಮೇಷ್ಟ್ರು ವಯಸ್ಸಾದವರು, ಹಣೆ ತುಂಬ ವಿಭೂತಿ. ಒಂದು ಪದ್ಯವನ್ನೂ ಹಾರಿಸಲಿಲ್ಲ. ಹುಡುಗಿಯರೇ ಜಾಸ್ತಿ ಇದ್ದ ಕ್ಲಾಸು. ಯಾರೂ ಕೆಡಲಿಲ್ಲ. ಮನಸ್ಸು ಹೇಗೆ ಜಾರುತ್ತದೆ ಅಂತ ಮೊದಲ ಸಲ ಗೊತ್ತಾಯಿತು, ಅಷ್ಟೇ.

ನಿಮ್ಮ 2009ರ ಸಿನಿಮಾ ಕಾನೂನು ಓದಿಸಿಕೊಂಡಿದ್ದೇನೆ. ನೀವೇ ಕತ್ತರಿಸುವ ಹಾಗಿಲ್ಲ, ಸಿನಿಮಾ ಮಾಡಿದವರಿಗೆ ವಾಪಸು ಕೊಟ್ಟು ಮಾತಾಡಬೇಕು ಅಂತಿದೆ. ಎಲ್ಲರಿಗೂ, 13, 17, 21 ಅಂತ ವಯಸ್ಸಿನ ಮೆಟ್ಟಿಲುಗಳೂ ಇವೆ. ಒಳ್ಳೆಯ ವ್ಯವಸ್ಥೆ. ಅದನ್ನು ಗಟ್ಟಿಯಾಗಿ ಹಿಡಿಯಿರಿ. ಗಂಡ ಹೆಂಡಿರ ಮೋಸದ ಕಥೆ, ಮೈಯ ಆಸೆಯ ಕಥೆ ಬಂದರೆ ವಯಸ್ಸಿನ ಮುದ್ರೆ ಹಾಕಿ, ಬಾಗಿಲಲ್ಲಿ ಗುರುತಿನ ಚೀಟಿ ನೋಡಲು ಹೇಳಿ, ಪೂರ್ತಿ ಬಿಡಿ. 411ನೇ ಕಲಮನ್ನು ನಿಮ್ಮ ಕೋಣೆಗೆ ತರಬೇಡಿ. ಬಿಟ್ಟ ಸಿನಿಮಾವನ್ನು ಯಾವ ಊರಿನ ಮೇಯರ್ ತಡೆದರೂ ಒಂದು ಹೇಳಿಕೆಯನ್ನಾದರೂ ಕೊಡಿ: ನಾವು ನೋಡಿದ್ದೇವೆ, ದೊಡ್ಡವರು ನೋಡಬಹುದು, ಅಂತ.

ಮೊನ್ನೆ ಇಬು ವೀಡಿಯೊ ಕಾಲ್ ಮಾಡಿದ್ದರು. ಈಗ ಒಂದು ಚಿಕ್ಕ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಗಂಡ ವಾರಕ್ಕೆ ಎರಡು ದಿನ ಬರುತ್ತಾನಂತೆ. ಹಿಂದೆ ಮಗಳು ಬಟ್ಟೆಗೆ ಇಸ್ತ್ರಿ ಹಾಕುತ್ತಾ ನಿಂತಿದ್ದಳು. ಅವಳಿಗೆ ಈಗ 21 ತುಂಬಿದೆ, ಒಂದು ಗಂಡೂ ಗೊತ್ತಾಗಿದೆ. ಮದುವೆಗೆ ಮುಂಚೆ ಅವಳನ್ನು ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗಬೇಕು, ನಾವು ನೋಡಿದ್ದೆವಲ್ಲ ಅಂಥದ್ದು, ಅಂದರು. ಈ ಸಲ ಅವಳನ್ನು ಕೆಳಗೆ ಕೂರಿಸಲ್ಲ, ಪಕ್ಕದ ಸೀಟಿನಲ್ಲೇ ಕೂರಿಸಿಕೊಳ್ಳುತ್ತೇನೆ ಅಂದರು.

ಅಂಥ ಸಿನಿಮಾ ಈಗ ಯಾರೋ ಒಬ್ಬರು ಬರೆಯುತ್ತಿರುತ್ತಾರೆ. ಅದು ನಿಮ್ಮ ಕೈ ದಾಟಿ, ಪೂರ್ತಿಯಾಗಿ, ಬಾಂಡುಂಗ್‌ಗೆ ಬರಲಿ. ಅವರಿಬ್ಬರೂ ಕಾಯುತ್ತಿದ್ದಾರೆ.

ವಿಶ್ವಾಸದಿಂದ,
ದಾವಣಗೆರೆಯ ಒಬ್ಬ ಪ್ರೇಕ್ಷಕಿ